ಉಕ್ಕಿನ ಸವತಿ

ವೀಕ್ಷಣಾ ಗೋಪುರದ ನಿರ್ವಹಣಾಧಿಕಾರಿಗಳೇ,

ನಿವೃತ್ತರಾಗಿ ನಾಲ್ಕು ತಿಂಗಳೂ ಆಗದ ನಮ್ಮ ಯಜಮಾನರನ್ನು ಗೋಪುರಕ್ಕೆ ಬಣ್ಣ ಬಳಿಯಲು ತಾವು ಮತ್ತೆ ಕರೆಸಿಕೊಳ್ಳುತ್ತಿದ್ದೀರಿ. ಇದಕ್ಕೆ ನನ್ನ ಆಕ್ಷೇಪಣೆ ಇದೆ. ನೂರು ವರ್ಷದ ಪಾರಂಪರಿಕ ಉಕ್ಕಿಗೆ ಅನುಭವಸ್ಥರ ಕೈಯೇ ಬೇಕು ಎಂದು ಪತ್ರದಲ್ಲಿ ಬರೆದಿದ್ದೀರಿ. ಆ ಕೈ ಈಗ ಚಹಾದ ಲೋಟ ಹಿಡಿದರೂ ನಡುಗುತ್ತದೆ ಎಂಬುದು ತಮಗೆ ಗೊತ್ತೇ?

ಮುಚ್ಚುಮರೆ ಏಕೆ, ಆ ಗೋಪುರವನ್ನು ಕಂಡರೆ ನನಗಾಗದು. ಮೂವತ್ತೊಂದು ವರ್ಷದಿಂದ ಅದು ನನ್ನ ಸವತಿ. ತುದಿಯಿಂದ ಬಳಿಯುತ್ತ ಬುಡಕ್ಕೆ ಬರುವಷ್ಟರಲ್ಲಿ ಕಾರ್ಖಾನೆಗಳ ಹೊಗೆ ಕೂತು ತುದಿ ಮತ್ತೆ ತುಕ್ಕು ಹಿಡಿದಿರುತ್ತಿತ್ತು. ಇವರು ಮತ್ತೆ ಮೇಲೆ. ಅವಳ ಒಂದೊಂದು ರಿವೆಟ್ಟನ್ನೂ ಉಜ್ಜಿ, ಒರೆಸಿ, ಮೂರು ಕೋಟ್ ಬಳಿದವರಿಗೆ ನಾನು ಹೊಸ ಬಟ್ಟೆ ಉಟ್ಟದ್ದು ಕಣ್ಣಿಗೆ ಬೀಳುತ್ತಿರಲಿಲ್ಲ. ಅವಳಿಗೆ ವಯಸ್ಸಾದರೆ ‘ಪಾರಂಪರಿಕ’ ಎನ್ನುತ್ತೀರಿ. ನನಗೆ ವಯಸ್ಸಾದರೆ ಏನೆನ್ನುತ್ತೀರಿ?

ಮದುವೆಯಾದ ಹೊಸತರಲ್ಲಿ ಇವರು, ದಿನಾ ಹನ್ನೊಂದಕ್ಕೆ ತಾರಸಿಗೆ ಬಾ, ಮೇಲಿಂದ ಕಾಣುತ್ತೀಯ ಎಂದಿದ್ದರು. ಅಂದಿನಿಂದ ಬಟ್ಟೆ ಹರವುವ ನೆಪದಲ್ಲಿ ಹತ್ತಿ ಕೈ ಬೀಸುತ್ತಿದ್ದೆ. ಪಕ್ಕದ ಮನೆಯ ಟೈಲರಮ್ಮ, ಕಾಗೆ ಓಡಿಸುತ್ತಿದ್ದೀಯಾ ಎಂದು ನಕ್ಕರೂ ಬಿಡಲಿಲ್ಲ. ಮೊನ್ನೆ ತಮ್ಮ ಪತ್ರ ಬಂದ ಸಿಟ್ಟಿಗೆ, ಈ ಮಹಾರಾಣಿಯಲ್ಲಿ ಅಂಥದ್ದೇನಿದೆ ನೋಡಿಯೇ ಬಿಡೋಣ ಎಂದು ಮೊದಲ ಸಲ ಟಿಕೆಟ್ ಕೊಂಡು ಹತ್ತಿದೆ. ಕುಲುಮೆಗಳು, ರೈಲು ಹಳಿ, ಸಿಮೆಂಟ್ ಗೋದಾಮು ಎಲ್ಲವೂ ಕಂಡವು. ನಮ್ಮ ಬೀದಿ ಮಾತ್ರ ದೊಡ್ಡ ಚಿಮಣಿಯ ಹಿಂದೆ ಮರೆಯಾಗಿತ್ತು. ಆ ಚಿಮಣಿ ನಮ್ಮಪ್ಪನ ಕಾಲದಿಂದಲೂ ಅಲ್ಲೇ ಇದೆಯಮ್ಮ ಎಂದರು ಮೇಲಿನ ಕಾವಲುಗಾರರು.

ಮನೆಗೆ ಬಂದವಳೇ ಜಗಳ ತೆಗೆದೆ. ಇಷ್ಟು ವರ್ಷ ಯಾರಿಗೆ ಕೈ ಬೀಸಿದೆ ನಾನು ಎಂದು ಕೇಳಿದೆ. ಮೊಣಕಾಲಿಗೆ ಎಣ್ಣೆ ತಿಕ್ಕುತ್ತಿದ್ದ ಇವರು ಬಟ್ಟಲನ್ನು ಪಕ್ಕಕ್ಕಿಟ್ಟರು.

“ನೀನು ಕಾಣ್ತಿರಲಿಲ್ಲ, ನಿಜ. ಆದ್ರೆ ಅಲ್ಲಿ ನಿಂತಿರ್ತೀಯ ಅಂತ ಗೊತ್ತಿರ್ತಿತ್ತು. ಮೇಲೆ ನನಗೆ ದಿನಾ ಭಯ ಆಗ್ತಿತ್ತು ಕಣೆ.”

ಈ ಮಾತು ಅವರ ಬಾಯಿಂದ ಬಂದದ್ದು ಅದೇ ಮೊದಲು. ಆದರೂ ತಮ್ಮ ಪತ್ರವನ್ನು ಮಡಿಸಿ ದಿಂಬಿನ ಕೆಳಗಿಟ್ಟುಕೊಂಡಿದ್ದಾರೆ, ಸೋಮವಾರ ಹೊರಡುತ್ತಾರಂತೆ.

ಅಷ್ಟರೊಳಗೆ ಆ ಆದೇಶ ರದ್ದಾಗಬೇಕು. ಅವರೇ ಒಪ್ಪಿದ್ದಾರಲ್ಲ ಎನ್ನಬೇಡಿ; ಅವಳು ಕರೆದರೆ ಇವರು ಯಾವತ್ತು ಒಲ್ಲೆ ಎಂದಿದ್ದಾರೆ? ಕಾರಣ ಕೇಳಿದರೆ ಹೆಂಡತಿಯ ಹೊಟ್ಟೆಕಿಚ್ಚು ಎಂದೇ ಬರೆದು ಕಳಿಸಿ. ಹೊಟ್ಟೆಕಿಚ್ಚಿನವಳು ಎಂದು ಊರೆಲ್ಲ ಕರೆಯಲಿ, ಸಹಿಸುತ್ತೇನೆ. ವಿಧವೆ ಎಂದು ಕರೆಸಿಕೊಳ್ಳಲಾರೆ.

ಇಂತಿ,
ತಮ್ಮ ಕಡತದಲ್ಲಿ ‘ಅವಲಂಬಿತರು: ಒಬ್ಬರು’ ಎಂದಿದೆಯಲ್ಲ, ಆ ಒಬ್ಬಳು