ಮುಟ್ಟಬಹುದಾದ ಜಾಗ

ಮಾರ್ಚ್ 3, ಬೆಳಿಗ್ಗೆ
ಲ್ಯಾಬಲ್ಲಿ ಮತ್ತೆ ಅದೇ ಸ್ಲೈಡ್. ಇಲಿಯ ನರಕೋಶಗಳು. ಉರಿಯ ಸುದ್ದಿ ಒಯ್ಯುವ ಕೋಶಗಳಿಗೆ ಕೆಂಪು ಬಣ್ಣ. ಒತ್ತಿದರೆ, ಚುಚ್ಚಿದರೆ ಕೂಗುವ ಕೋಶಗಳಿಗೆ ಹಸಿರು. ಎರಡೂ ನೋವಿನವೇ, ಬೀಗ ಮಾತ್ರ ಬೇರೆ. ಮಾರ್ಫೀನ್ ಎಂಬ ಕೀಲಿ ಕೆಂಪಿನ ಬೀಗಕ್ಕೆ ಸಲೀಸಾಗಿ ಕೂರುತ್ತದೆ. ಹಸಿರಿನ ಬಾಗಿಲಿಗೆ ಇನ್ನೊಂದು ಕೀಲಿಯೇ ಬೇಕು.

ಬಾಸ್ ಇಣುಕಿ ನೋಡಿದರು. "ಚೆನ್ನಾಗ್ ಬಂದಿದೆ ಕಣಮ್ಮಾ, ಎರಡು ಬಣ್ಣ ಬೆರೆತೇ ಇಲ್ಲ!" ಖುಷಿಪಡಬೇಕಿತ್ತು. ಅಕ್ಕನ ನೆನಪಾಯಿತು. ಥೂ.

ಮಾರ್ಚ್ 4, ಸಂಜೆ
ಅಕ್ಕನ ಮನೆ. ಗಡ್ಡೆ ಬೆನ್ನುಮೂಳೆಯ ಪಕ್ಕದ ನರದ ಮೇಲೆ ಕೂತಿದೆ, ಏಳುವ ಲಕ್ಷಣವಿಲ್ಲ. ಮಾರ್ಫೀನ್ ಶುರುವಾದ ಮೇಲೆ ಉರಿ ಇಳಿದಿದೆಯಂತೆ. ಆದರೆ ಹೊದಿಕೆ ತಾಗಿದರೂ ಚೀರುತ್ತಾಳೆ. ಜೀವಮಾನವೆಲ್ಲ ಬಟ್ಟೆ ಹೊಲಿದವಳಿಗೆ ಈಗ ಬಟ್ಟೆಯೇ ವೈರಿ.

ಅವಳ ಅಂಗಿ ಸಡಿಲ ಮಾಡಲು ಭಾವ ಹೊಲಿಗೆ ಬಿಚ್ಚುತ್ತ ಕೂತಿದ್ದರು. ಮಲಗಿದಲ್ಲಿಂದಲೇ ಅಕ್ಕನ ಬೈಗುಳ: "ರೀ, ಅದು ಹೊಲಿಗೆ ಬಿಚ್ಚೋದಲ್ಲ, ಬಟ್ಟೆ ಕೊಲೆ ಮಾಡೋದು!" ನಗು ಬಂತು. ಹತ್ತಿರ ಹೋಗಿ ಬೆನ್ನು ಸವರಲು ಕೈ ಚಾಚಿದೆ.

"ಮುಟ್ಬೇಡ ಕಣೇ!"

ಕೈ ಅಲ್ಲೇ ನಿಂತಿತು. ಎಲ್ಲಿಡಬೇಕೆಂದೇ ತಿಳಿಯಲಿಲ್ಲ.

ಮಾರ್ಚ್ 6
ಲ್ಯಾಬಿನ ನೈಲಾನ್ ಎಳೆಗಳ ಡಬ್ಬಿಯನ್ನು ಅಕ್ಕನ ಮನೆಗೆ ತಂದೆ. ಬಾಸ್‌ಗೆ ಹೇಳಿಲ್ಲ. ಇಲಿಯ ಪಾದಕ್ಕೆ ಒಂದೊಂದೇ ಎಳೆ ತಾಗಿಸುತ್ತೇವೆ — ಎಷ್ಟು ದಪ್ಪದ್ದಕ್ಕೆ ಪಾದ ಎಳೆದುಕೊಳ್ಳುತ್ತದೋ ಅದೇ ನೋವಿನ ಅಳತೆ.

"ಅಂತೂ ನನ್ನನ್ನ ಇಲಿ ಮಾಡ್ಬಿಟ್ಟೆ."

"ಸುಮ್ನಿರೇ. ಎಲ್ಲಿ ಮುಟ್ಟಬಹುದು ಅಂತ ಹುಡುಕ್ತಿದೀನಿ."

ಬೆನ್ನು, ಹೆಗಲು, ತೋಳು — ಊಹೂಂ. ಎಡ ಅಂಗೈ ಪರವಾಗಿಲ್ಲ. ಹಣೆಯೂ. ಕಿವಿಯ ಹಿಂದೆ ಅತಿ ದಪ್ಪದ ಎಳೆ ಒತ್ತಿದರೂ ಕಮಕ್ ಕಿಮಕ್ ಅನ್ನಲಿಲ್ಲ. ಅಲ್ಲೇ ಬೆರಳಿಟ್ಟೆ. ಅಕ್ಕ ಕಣ್ಣು ಮುಚ್ಚಿದಳು.

ಭಾವನನ್ನು ಕರೆದು ಜಾಗಗಳನ್ನು ತೋರಿಸಿದೆ. ಪಾಪ, ಮೊದಲು ಹೋಗಿ ಕೈ ತೊಳೆದುಕೊಂಡು ಬಂದರು. ಅವಳ ಅಂಗೈ ಹಿಡಿದು ಕೂತವರು ಊಟಕ್ಕೂ ಏಳಲಿಲ್ಲ.

ಮಾರ್ಚ್ 11
ಅಕ್ಕ ಕೇಳಿಯೇಬಿಟ್ಟಳು. "ನೀನು ಹೇಳ್ತಿದ್ದ ಆ ಇನ್ನೊಂದು ಬಾಗಿಲಿನ ಕೀಲಿ ನಿಮ್ಮ ಲ್ಯಾಬಲ್ಲಿ ಇದ್ಯಂತಲ್ಲ?"

"ಇದೆ. ಇಲಿಗೆ ಮಾತ್ರ. ಮನುಷ್ಯರಿಗೆ ಕೊಟ್ರೆ ಫಿಟ್ಸ್ ಬರಬಹುದು."

"ಇಲಿ ಪುಣ್ಯ ಮಾಡಿತ್ತು ಬಿಡು."

ಇವತ್ತು ಲ್ಯಾಬಿನ ಫ್ರೀಜರ್ ತೆಗೆದು ನಿಂತೆ. ಆ ಔಷಧದ ಬಾಟಲಿ ಕಣ್ಣೆದುರಿಗೇ ಇತ್ತು. ಮುಚ್ಚಿದೆ. ಬಾತ್‌ರೂಮಿಗೆ ಹೋಗಿ ಗೊಳೋ ಎಂದು ಅತ್ತೆ. ಇಷ್ಟು ವರ್ಷ ಓದಿ ನಾನು ಮಾಡಿದ್ದೇನು? ಅವಳಿಗೆ ಯಾಕೆ ನೋಯುತ್ತದೆಂದು ಮಾತ್ರ ಗೊತ್ತು.

ಮಾರ್ಚ್ 20
ಬರೆಯಲು ಮನಸ್ಸೇ ಬಂದಿಲ್ಲ. ಡಾಕ್ಟರ್ ಮಾರ್ಫೀನ್ ಜಾಸ್ತಿ ಮಾಡಿದ್ದಾರೆ. ಸದಾ ಮಂಪರು. ಅತಿ ತೆಳ್ಳನೆಯ ಎಳೆಗೂ ಅಂಗೈ ಎಳೆದುಕೊಂಡಳು. ಹಣೆಯೂ ಹೋಯಿತು. ಭಾವ ಈಗ ಕೈ ಮಡಿಚಿಕೊಂಡು ಪಕ್ಕದಲ್ಲಿ ಕೂರುತ್ತಾರೆ, ಬೈಸಿಕೊಂಡ ಮಗುವಿನ ಹಾಗೆ.

ಕಿವಿಯ ಹಿಂದೆ ಮಾತ್ರ ಉಳಿದಿದೆ. ಬೆರಳಗಲದ ಅಕ್ಕ.

ಮಾರ್ಚ್ 23, ಮಧ್ಯಾಹ್ನ
ಇವತ್ತೋ ನಾಳೆಯೋ ಅಂದರು ನರ್ಸಮ್ಮ.

ಅಕ್ಕನಿಗೆ ಎಚ್ಚರವಾಗಿತ್ತು. ಕಿವಿಯ ಹಿಂದೆ ಬೆರಳಿಟ್ಟೆ. ಮುಖ ತಿರುಗಿಸಿದಳು.

"ಅದಲ್ಲ ಕಣೇ. ತಬ್ಕೋ."

"ನೋಯುತ್ತೆ ಅಕ್ಕಾ."

"ಗೊತ್ತು. ನೋಯ್ಲಿ." ಉಸಿರು ಎಳೆದುಕೊಂಡಳು. "ಅಳತೆ ತೆಗೆಯೋ ಥರ ಅಲ್ಲ... ಗಟ್ಟಿಯಾಗಿ."

ಆಗಲಿಲ್ಲ ನನ್ನಿಂದ. ನೀರು ತರುತ್ತೇನೆಂದು ಅಡುಗೆಮನೆಗೆ ಬಂದುಬಿಟ್ಟೆ. ಇಲ್ಲೇ ನಿಂತು ಬರೆಯುತ್ತಿದ್ದೇನೆ, ಹೇಡಿ. ಅವಳು ಚೀರಿದರೆ ಏನು ಮಾಡಲಿ? ಆ ಚೀರಾಟ ಜೀವನಪೂರ್ತಿ ನನ್ನ ಕಿವಿಯಲ್ಲಿ —

ಚೀರಿದಳು.

ಬಾಗಿಲಿಂದ ನೋಡಿದೆ. ಭಾವ ಹಾಸಿಗೆಯ ಮೇಲೆ ಮಲಗಿ ಅವಳನ್ನು ತಬ್ಬಿಕೊಂಡಿದ್ದಾರೆ. ಕಣ್ಣೀರು ಸುರಿಯುತ್ತಿದೆ ಇಬ್ಬರಿಗೂ. ಅವಳು ಬಿಡಿ ಎನ್ನುತ್ತಿಲ್ಲ. ಅವರ ಅಂಗಿಯನ್ನು ಮುಷ್ಟಿಯಲ್ಲಿ ಹಿಡಿದಿದ್ದಾಳೆ. ಇನ್ನೊಂದು ಕೈ ಈ ಕಡೆಗೆ ಚಾಚಿದ್ದಾಳೆ, ನನ್ನ ಕಡೆಗೆ.

ಬಂದೆ ಅಕ್ಕಾ, ಈ ಪೆನ್ನು ಇಲ್ಲಿಟ್ಟು