ಯಾರೂ ಕೇಳದ ತಿದ್ದುಪಡಿ

೩ ಮಾರ್ಚ್, ಸೋಮವಾರ. ಬೆಳಿಗ್ಗೆ ೧೧

ಮತ್ತೆ ಅದೇ ‘ಸೆಪರೇಟ್’. ಪಿ ಆದಮೇಲೆ ಎ ಬರಬೇಕು, ಇ ಹಾಕಿ ಕಳಿಸಿದ್ದಾರೆ. ಅರ್ಧ ಜಗತ್ತು ಹೀಗೇ ಬರೆಯುತ್ತೆ. ಮಕ್ಕಳ ಕೆಮ್ಮಿನ ಸಿರಪ್ ಲೇಬಲ್ಲು — ಜೊತೆಗಿರುವ ಸೆಪರೇಟ್ ಕಪ್ಪಿನಲ್ಲಿ ಅಳೆದು ಕೊಡಿ ಅಂತ. ಕಂಪನಿ ಸಹಿ ಬಿದ್ದ ಮೇಲೆ ಪ್ರೂಫ್ ಮುಟ್ಟಬಾರದು, ನಮ್ಮ ಪ್ರೆಸ್ಸಿನ ನಿಯಮ. ಮುಟ್ಟಿದೆ. ಕಣ್ಣಿಗೆ ಬಿದ್ದ ತಪ್ಪು ಹಾಗೇ ಹೋದರೆ ನನಗೆ ಊಟ ಸೇರಲ್ಲ.

ಅವರು ಕಳಿಸಿದ ಫೈಲು ಚಿತ್ರದ ಥರ, ಒಂದಕ್ಷರ ಬದಲಿಸೋಕಾಗಲ್ಲ. ಇದೇ ಸಿರಪ್ಪಿನ ಹಳೇ ಲೇಬಲ್ಲಿನಲ್ಲಿ ಪದ ಸರಿಯಿತ್ತು. ಆ ಪದವಿದ್ದ ಚೌಕವನ್ನೇ ಇಡಿಯಾಗಿ ಎತ್ತಿ ಇಲ್ಲಿ ಕೂರಿಸಿದೆ. ನಾವು ಮಾಡೋದೇ ಹೀಗೆ. ಮಶೀನ್ ಮಾಮ ಪ್ಲೇಟ್ ಏರಿಸುತ್ತಾ, “ಏನಮ್ಮ ಹೆಡ್‌ಮಿಸ್ಸು, ಇವತ್ತು ಯಾರ ಕಿವಿ ಹಿಂಡಿದ್ರಿ?” ಅಂದರು. ಒಳಗೊಳಗೇ ಹಿಗ್ಗಿದೆ.

೧೬ ಮಾರ್ಚ್, ಭಾನುವಾರ. ಮಧ್ಯಾಹ್ನ ೧

ಆಸ್ಪತ್ರೆ. ಸುಮ್ಮನೆ ಕೂರೋಕಾಗದೆ ಬರೀತಿದ್ದೀನಿ.

ಬೆಳಿಗ್ಗೆ ಅಕ್ಕನ ಮನೆಗೆ ಹೋದೆ. ಅವಳ ಮಗಳು ಪುಟ್ಟಿಗೆ ಮೂರು ದಿನದಿಂದ ಕೆಮ್ಮು. ಕಪಾಟಿನ ಮೇಲೆ ನಮ್ಮದೇ ಲೇಬಲ್ಲಿನ ಬಾಟಲಿ. ಜಂಬ ಕೊಚ್ಚಿಕೊಳ್ಳೋಣ ಅಂತ ಎತ್ತಿಕೊಂಡೆ. ಕೆಳಗಿನ ಸಾಲು ಓದಿದೆ... ಹತ್ತು ಎಂಎಲ್.

ಹೊಸ ಔಷಧಿ ಎರಡರಷ್ಟು ಸ್ಟ್ರಾಂಗು. ಅದಕ್ಕೇ ಕಂಪನಿಯವರು ಹೊಸ ಫೈಲಿನಲ್ಲಿ ಹತ್ತನ್ನು ಐದು ಮಾಡಿದ್ದರು. ನಾನು ಎತ್ತಿಟ್ಟ ಚೌಕದಲ್ಲಿ ಹಳೇ ಡೋಸೂ ಬಂದುಬಿಟ್ಟಿದೆ. ಪದ ನೋಡಿದೆ, ಪಕ್ಕದ ಅಂಕಿ ನೋಡಲಿಲ್ಲ.

“ಪುಟ್ಟಿ ಎಲ್ಲಿ?”

“ಮಲಗಿದೆ ಕಣೆ. ನಿನ್ನೆಯಿಂದ ಒಳ್ಳೇ ನಿದ್ದೆ, ಪಾಪ.”

ಅಲುಗಾಡಿಸಿದೆ. ಕೂಗಿದೆ. ಮುಖಕ್ಕೆ ನೀರು ಚಿಮುಕಿಸಿದೆ. ಕಣ್ಣು ಬಿಡಲಿಲ್ಲ. ಮೂರು ವರ್ಷದ ಕೂಸು, ಬಟ್ಟೆ ಮೂಟೆ ಥರ ಹೆಗಲ ಮೇಲೆ ಜೋತುಬಿತ್ತು.

ಡಾಕ್ಟರನ್ನು ಪಕ್ಕಕ್ಕೆ ಕರೆದು ಇದ್ದದ್ದು ಇದ್ದ ಹಾಗೆ ಹೇಳಿದೆ. ಅಕ್ಕನಿಗೆ ಹೇಳಿಲ್ಲ. ಭಯ.

ಮಧ್ಯಾಹ್ನ ೩

ಪ್ರೆಸ್ಸಿನ ಮಾಲೀಕರಿಗೆ ಫೋನ್ ಮಾಡಿದೆ. “ಸುಮ್ನಿರಮ್ಮ. ಬಾಯಿ ಬಿಟ್ರೆ ಎಲ್ರೂ ಬೀದಿಗೆ ಬೀಳ್ತೀವಿ. ನಾಳೆ ನೋಡೋಣ.”

ನಾಳೆ! ಇನ್ನೆಷ್ಟು ಮನೆಯಲ್ಲಿ ಇನ್ನೆಷ್ಟು ಮಕ್ಕಳು “ಒಳ್ಳೇ ನಿದ್ದೆ” ಮಾಡ್ತಿವೆಯೋ. ಬಾಟಲಿಯ ಮೇಲಿದ್ದ ನಂಬರಿಗೆ ನಾನೇ ಹಚ್ಚಿದೆ. ಕಂಪನಿಯವನಿಗೆ ಮೂರು ಸಲ ಹೇಳಬೇಕಾಯ್ತು. ಆಮೇಲೆ ಬಾಟಲಿಯ ಬ್ಯಾಚ್ ನಂಬರ್ ಓದಿಸಿಕೊಂಡ. “ಇವತ್ತೇ ಅಂಗಡಿಗಳಿಂದ ವಾಪಸ್ ತರಿಸ್ತೀವಿ. ತಿದ್ದಿದ್ದು ಯಾರು?”

“ನಾನು,” ಅಂದೆ. ಹೆಸರೂ ಕೊಟ್ಟೆ.

೧೭ ಮಾರ್ಚ್, ಸೋಮವಾರ. ಬೆಳಿಗ್ಗೆ ೭

ಪುಟ್ಟಿ ಇನ್ನೂ ಕಣ್ಣು ಬಿಟ್ಟಿಲ್ಲ. ಇವತ್ತು ಸಂಜೆವರೆಗೂ ಏನೂ ಹೇಳೋಕಾಗಲ್ಲ ಅಂದರು ಡಾಕ್ಟರು.

ಅಕ್ಕ ಬೆಂಚಿನ ಮೇಲೆ ಪಕ್ಕದಲ್ಲೇ ಕೂತಿದ್ದಾಳೆ. ಸಿರಪ್ಪು ಹೆಚ್ಚಾಗಿದೆ ಅಂತಷ್ಟೇ ಡಾಕ್ಟರು ಅವಳಿಗೆ ಹೇಳಿದ್ದು. ನಿನ್ನೆಯಿಂದ ಒಂದೇ ಮಾತು — “ಬರೆದಷ್ಟೇ ಕೊಟ್ಟೆ ಕಣೆ. ಒಂದು ಹನಿ ಹೆಚ್ಚಿಗೆ ಕೊಟ್ಟಿಲ್ಲ. ಆದ್ರೂ ನನ್ನ ಕೈಯಾರೆ...” ಈಗ ನನ್ನ ಬೆನ್ನು ಸವರುತ್ತಿದ್ದಾಳೆ. “ನೀನ್ಯಾಕೆ ಹಿಂಗೆ ಕೊರಗ್ತೀಯೆ? ನೀನಿಲ್ದಿದ್ರೆ ನನಗೆ ಗೊತ್ತೇ ಆಗ್ತಿರಲಿಲ್ಲ.”

ತಡೆಯೋಕಾಗ್ತಿಲ್ಲ.

“ಅದೇನು ಆಗಿಂದ ಬರೀತಿದ್ದೀಯೆ?” ಅಂತ ಕೇಳ್ತಿದ್ದಾಳೆ. ಕೈ ಚಾಚಿದ್ದಾಳೆ.

ಕೊಡ್ತೀನಿ. ಓದಿಕೊಳ್ಳಲಿ. ಅಕ್ಕಾ, ನೀನಲ್ಲ, ನಿನ್ನ ಕೈಯಲ್ಲ, ನಾನು —