ವಿಮಾನದ ಪಂಚನಾಮೆಯ ಮೂರನೆಯ ಸಾಲು ಸುಳ್ಳು

ನಮ್ಮ ತಾಲೂಕಿನ ಮಾನ್ಯ ಅಧಿಕಾರಿಗಳೇ,

ತಮ್ಮ ಕಚೇರಿಯ ಬೇವಿನ ಮರದಡಿ ಒಂಟಿ ಸೀಟಿನ ವಿಮಾನವೊಂದು ೨೦೧೧ರ ಮಾರ್ಚ್ ತಿಂಗಳಿನಿಂದ ಸೆರೆಯಲ್ಲಿದೆ. ಅದರ ಪಂಚನಾಮೆಯ ಮೂರನೆಯ ಸಾಲು ಹೀಗಿದೆ: 'ಎಂಜಿನ್ ಪದೇಪದೇ ನಿಲ್ಲಲು ಕಟ್ಟಿದವನ ಕೈಗೆಲಸದ ದೋಷವೇ ಕಾರಣ.' ಆ ಸಾಲು ಸುಳ್ಳು. ನನಗೆ ಹೇಗೆ ಗೊತ್ತು? ಕೆಳಗೆ ಸಾಕ್ಷಿಯಾಗಿ, ಅಂದರೆ ಪಂಚನಾಗಿ, ಸಹಿ ಮಾಡಿದ ಮಹಾಪುರುಷ ನಾನೇ! ತಿದ್ದಿರೆಂದು ಮೂರು ಅರ್ಜಿ ಕೊಟ್ಟೆ. 'ಅರ್ಜಿದಾರರು ತಾಂತ್ರಿಕ ಪರಿಣತರಲ್ಲ' ಎಂದು ಮೂರೂ ಮರಳಿ ಬಂದವು. ಆಹಾ, ಎಂಥ ನ್ಯಾಯ! ದೋಷ ಹೊರಿಸಲು ನನ್ನಂಥ ನಾಟಕದವನ ಸಹಿ ಸಾಕಾಯಿತು. ಇಳಿಸಲು ಮಾತ್ರ ಎಂಜಿನಿಯರನೇ ಬರಬೇಕೇ?

ವಿಮಾನ ಕಟ್ಟಿದವನು ನಮ್ಮೂರ ಪಂಪಸೆಟ್ ರಿಪೇರಿಯ ಜಾಕೀರ. ಹಳೆಯ ಬೈಕಿನ ಎಂಜಿನ್, ಬಟ್ಟೆಯ ರೆಕ್ಕೆ, ನಾಲ್ಕು ವರ್ಷದ ದುಡಿಮೆ. ಅಂಗಡಿಯಲ್ಲಿ ಅರ್ಧ ತಾಸು ಗುಡುಗಿದ ಆ ಎಂಜಿನ್, ಕಬ್ಬು ಕಡಿದ ಹೊಲಕ್ಕೆ ಬಂದ ಮೇಲೆ ನಾಲ್ಕೇ ನಿಮಿಷಕ್ಕೆ ಕೆಮ್ಮಿ ನಿಲ್ಲತೊಡಗಿತು. ಜಾಕೀರ ಪ್ಲಗ್ ಬಿಚ್ಚಿ ನೋಡಿದ, ಪೆಟ್ರೋಲು ತಲುಪದೆ ಒಣಗಿತ್ತು. ಕಾರ್ಬುರೇಟರ್ ತೊಳೆದ. ಕಾಯಿಲ್ ಬದಲಿಸಿದ. ಟ್ಯಾಂಕಿನ ಮುಚ್ಚಳ ತೆಗೆದರೆ ಒಳಗೆ ತುಂಬ ಪೆಟ್ರೋಲು! ಮುಚ್ಚಿ ಕಿಕ್ ಹೊಡೆದರೆ ಮತ್ತೆ ಶುರು, ಮತ್ತೆ ನಾಲ್ಕು ನಿಮಿಷ.

"ಕಾಕಾ, ಇದು ನಿಮ್ಮ ನಾಟಕ ಕಂಪನಿ ಸೇರೈತ್ರಿ," ಎಂದು ನಗುತ್ತಿದ್ದ. "ಪರದೆ ಎದ್ದ ಕೂಡ್ಲೆ ಅಬ್ಬರಾ, ಆಮ್ಯಾಲೆ ಮಾತ ಮರೀತೈತಿ."

ಮೂವತ್ತು ವರ್ಷ ರಾಜಾಪಾರ್ಟು ಮಾಡಿದ ನಾನು ಅಲ್ಲಿ ಏನು ಮಾಡುತ್ತಿದ್ದೆ? ಮಂಗಸೂಳಿ ಮಲ್ಲಯ್ಯನ ಭಂಡಾರದ ಅರಿಶಿನವನ್ನು ಎಣ್ಣೆಯಲ್ಲಿ ಕಲಸಿ, ಯಂತ್ರದ ಹಣೆಯೆಂದು ತಿಳಿದು ಎಲ್ಲಕ್ಕಿಂತ ಎತ್ತರದಲ್ಲಿದ್ದ ಟ್ಯಾಂಕಿನ ಮುಚ್ಚಳಕ್ಕೇ ದಪ್ಪಗೆ ಬಳಿದು, "ಯಳಕೋಟ!" ಎಂದು ಆ ದೇವರ ಜಯಕಾರವನ್ನು ಹೊಲ ನಡುಗುವಂತೆ ಕೂಗುತ್ತಿದ್ದೆ. ಪ್ರತಿ ಸಲ!

ಹಾರಿಸಲು ಅನುಮತಿ ಕೇಳಿ ಜಾಕೀರ ಅರ್ಜಿ ಕೊಟ್ಟಿದ್ದ, ಅದರ ಪರೀಕ್ಷೆಗೆಂದು ಒಂದು ದಿನ ತಾವು ಬಂದಿರಿ. "ಹತ್ತು ಮಿನಿಟ ನಿಲ್ಲದಂಗ ಓಡಿಸಿ ತೋರಸ್ರಿ, ನಿಮ್ಮ ಅರ್ಜಿ ಮ್ಯಾಲಕ ಕಳಸ್ತೀನಿ" ಎಂದಿರಿ. ಮುನ್ನೂರು ಜನ ಸೇರಿದ್ದರು. ನಾನು ಭಂಡಾರ ಎರಡು ಪಟ್ಟು ಬಳಿದೆ. ನಾಲ್ಕನೆಯ ನಿಮಿಷಕ್ಕೆ ಎಂಜಿನ್ ನಿಂತಿತು. ಜನ ಸಿಳ್ಳೆ ಹೊಡೆದರು. "ಯಾರದ್ರಿ ತಪ್ಪ?" ಎಂದಿರಿ ತಾವು. ಜಾಕೀರ ತಲೆ ತಗ್ಗಿಸಿದ್ದ. ಜನರೆದುರು ಮೌನ ಬಿದ್ದರೆ ತಾಳಲಾರದ ಜಾತಿ ನನ್ನದು, ಕೈಯೆತ್ತಿ ಗರ್ಜಿಸಿದೆ: "ರೆಕ್ಕೆಯಲ್ಲಿ ದೋಷವಿಲ್ಲ! ಗಾಳಿಯಲ್ಲಿ ದೋಷವಿಲ್ಲ! ದೋಷವಿರುವುದು ಕಟ್ಟಿದವನ ಕೈಯಲ್ಲಿ!" ಚಪ್ಪಾಳೆ ಬಿತ್ತು. ತಮ್ಮ ಗುಮಾಸ್ತರು ಅದನ್ನೇ ಬರೆದುಕೊಂಡು, ನನ್ನ ಸಹಿ ಹಾಕಿಸಿ, ವಿಮಾನವನ್ನು ಜಪ್ತಿ ಮಾಡಿದರು. ಮಾನ್ಯರೇ, ತಾವು ತಾಂತ್ರಿಕ ವರದಿಯೆಂದು ಕಾಪಾಡುತ್ತಿರುವುದು ನನ್ನ ಡೈಲಾಗು!

ಹದಿನೈದು ದಿನದ ಮೇಲೆ ಅಡುಗೆಮನೆಯಲ್ಲಿ ಎಣ್ಣೆಡಬ್ಬಿಗೆ ಒಂದು ತೂತು ಹೊಡೆದು ಬಗ್ಗಿಸಿದೆ. ನಾಲ್ಕು ಹನಿ ಬಿದ್ದು ನಿಂತಿತು. ಹೆಂಡತಿ ದ್ರೌಪದಿ ಹಣೆ ಚಚ್ಚಿಕೊಂಡಳು: "ಗಾಳಿ ಹೋಗಾಕ ಇನ್ನೊಂದ ತೂತ ಬ್ಯಾಡೇನ್ರಿ? ಇಷ್ಟ ವಯಸ್ಸಾತು, ಇಷ್ಟೂ ತಿಳಿಯಂಗಿಲ್ಲ!"

ನನ್ನ ಕೈಯಿಂದ ಡಬ್ಬಿ ಬಿತ್ತು. ಆ ಮುಚ್ಚಳದಲ್ಲೂ ಗಾಳಿಗೆಂದು ಸೂಜಿ ಗಾತ್ರದ ರಂಧ್ರವಿತ್ತು. ಅದನ್ನು ಮುಚ್ಚಿದವನು ನಾನು. ಗಾಳಿಯಿಲ್ಲದೆ ಪೆಟ್ರೋಲು ಇಳಿಯದು. ಮುಚ್ಚಳ ತೆಗೆದಾಗಲೆಲ್ಲ ಗಾಳಿ ನುಗ್ಗಿ ಎಂಜಿನ್ ಬದುಕುತ್ತಿತ್ತು. ಭಂಡಾರದ ತಪ್ಪಲ್ಲ, ಬಳಿದ ಕೈಯ ತಪ್ಪು.

ತಿಳಿದ ಮೇಲೂ ಆರು ವಾರ ಬಾಯಿ ಬಿಡಲಿಲ್ಲ ಈ ಸಿಂಹಕಂಠ! ಅಷ್ಟರಲ್ಲಿ "ವಿಮಾನದ ಜಾಕೀರಗ ಕೊಟ್ರ ಮೋಟಾರ ನಾಕ ಮಿನಿಟಿಗೆ ನಿಂದರ್ತೈತಿ" ಎಂಬ ಮಾತು ಹಬ್ಬಿ, ಅವನ ಅಂಗಡಿಗೆ ಪಂಪು ಬರುವುದೇ ನಿಂತಿತು. ಕೊನೆಗೆ ಹೋಗಿ ಹೇಳಿದೆ. ಅವನು ನಟ್ಟು ಬಿಚ್ಚುವ ಪಾನಾ ಒರೆಸುತ್ತಲೇ ಅಂದ:

"ಗೊತ್ತೈತ್ರಿ ಕಾಕಾ. ಅವತ್ತ ಎಂಜಿನ್ ನಿಂತ ಮ್ಯಾಲೆ ಮುಚ್ಚಳಾ ತಗದಾಗ ಸುಂಯ್ ಅಂತ ಗಾಳಿ ಎಳಕೊಂತು."

"ಮತ್ತ ಯಾಕ ಹೇಳಲಿಲ್ಲಲೇ?"

"ಮಲ್ಲಯ್ಯನ ಭಂಡಾರದಿಂದ ಎಂಜಿನ್ ನಿಂತೈತಿ ಅಂತ, ಮುನ್ನೂರ ಮಂದಿ ಮುಂದ, ಈ ಜಾಕೀರ ಹೇಳಬೇಕಿತ್ತೇನ್ರಿ? ನೀವ ಅಂದಿದ್ರ ನಗತಿದ್ರು. ನಾ ಅಂದಿದ್ರ?"

ಆವತ್ತೇ ಮನೆಗೆ ಬಂದು ತಮಗೆ ಮೊದಲ ಅರ್ಜಿ ಬರೆದೆ.

ಆದ್ದರಿಂದ ನನ್ನ ಬೇಡಿಕೆ ಇಷ್ಟು. ಅದೇ ಹೊಲಕ್ಕೆ ವಿಮಾನ ತರಿಸಿರಿ, ಅದೇ ಮುನ್ನೂರು ಜನರನ್ನು ಕರೆಸಿರಿ. ಮುಚ್ಚಳಕ್ಕೆ ನಾನೇ ಬಳಿಯುತ್ತೇನೆ. ನಾಲ್ಕು ನಿಮಿಷಕ್ಕೆ ನಿಲ್ಲಲಿ. ಆಮೇಲೆ ನಾನೇ ಸೂಜಿಯಿಂದ ರಂಧ್ರ ಬಿಡಿಸುತ್ತೇನೆ. ತಾವು ಗಡಿಯಾರ ಹಿಡಿದು ಹತ್ತು ನಿಮಿಷ ಎಣಿಸಿರಿ. ಬಳಿಕ ಮೂರನೆಯ ಸಾಲಿನಲ್ಲಿ 'ಕಟ್ಟಿದವನ' ಎಂಬುದನ್ನು ಹೊಡೆದು ನನ್ನ ಹೆಸರು ಬರೆಯಿರಿ. ಅದನ್ನು ತಮ್ಮ ಗುಮಾಸ್ತರೇ ಜನರೆದುರು ಓದಲಿ. ನಾನು ಜಾಕೀರನ ಪಕ್ಕದಲ್ಲಿ ತಲೆ ತಗ್ಗಿಸಿ ನಿಂತಿರುತ್ತೇನೆ.

ಇಂತಿ,
ಚಪ್ಪಾಳೆಗಾಗಿ ಗೆಳೆಯನನ್ನು ಬಿಟ್ಟುಕೊಟ್ಟವನು,
ಲಗಮಪ್ಪ, ಪಂಚ ನಂಬರ್ ಒಂದು